ಟರ್ಕಿ ಟವೆಲ್ಲೂ ನಮ್ಮ ಪಂಜಾವೂ: ಹಿಂಡೋರು ಯಾರು?

ಮೊದಲೇ ಹೇಳಿಬಿಡ್ತೀನಿ, ಇದು ಟವೆಲ್ ಬಗ್ಗೆ. ಜಳಕ ಮಾಡಿ ಮೈ ಒರೆಸಿಕೊಳ್ಳೋ ಟವೆಲ್ ಬಗ್ಗೆ. "ಈ ಮನುಷ್ಯಾಗ ಬರೆಯಾಕ ಬ್ಯಾರೆ ಏನೂ ಸಿಗಲಿಲ್ಲೇನು" ಅನ್ನೋರು ಇಲ್ಲಿಂದಲೇ ಎದ್ದು ಹೋಗಬಹುದು, ನನಗೇನೂ ಬೇಜಾರಿಲ್ಲ :-) ಆದರೆ ಹೋಗೋ ಮುಂಚೆ ನಿಮ್ಮ ಮನೆಯ ಬಚ್ಚಲ ಬಾಗಿಲ ಹಿಂದೆ ಮೊಳೆಗೆ ಜೋತುಬಿದ್ದಿರೋ ಆ ದಪ್ಪ ಬಟ್ಟೆಯನ್ನ ಒಂದ್ಸಲ ಮೂಸಿ ನೋಡಿ. ಆಮೇಲೆ ಮಾತಾಡೋಣ.

ನಮ್ಮ ಕಡೆ, ಅಂದರೆ ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗದ ಕಡೆ, ತೆಳ್ಳನೆ ಹತ್ತಿಯ ಟವೆಲ್ಲಿಗೆ ಪಂಜಾ ಅಂತೀವಿ. ದಕ್ಷಿಣದವರು ಚೌಕ ಅಂತೀರಲ್ಲ, ಕರಾವಳಿಯವರು ಬೈರಾಸು ಅಂತಾರಲ್ಲ, ಅವುಗಳ ಅಣ್ಣತಮ್ಮ. ಹೆಗಲ ಮೇಲಿದ್ದರೆ ಅದೇ ವಲ್ಲಿ. ಹೊಲದಾಗ ತಲೆಗೆ ಸುತ್ತಿದರೆ ರುಮಾಲು. ಸಂತೆಯಲ್ಲಿ ಕಾಯಿಪಲ್ಲೆ ಕಟ್ಟೋ ಗಂಟು. ಬಸ್ ಸ್ಟ್ಯಾಂಡಿನಲ್ಲಿ ಕಿಟಕಿಯಿಂದ ಒಳಗೆ ಎಸೆದರೆ ಸೀಟಿನ ರಿಸರ್ವೇಶನ್! ಇಷ್ಟೆಲ್ಲ ಮಾಡೋ ಬಟ್ಟೆಯನ್ನ ಬಿಟ್ಟು ಈಗ ಮನೆಮನೆಯಲ್ಲೂ ಟರ್ಕಿ ಟವೆಲ್ ಬಂದಿದೆ. ಹೊಸ ಮನೆ ಕಟ್ಟಿಸಿದವರು ಬಚ್ಚಲಿಗೆ ಟೈಲ್ಸ್ ಹಾಕಿಸಿದ ಮೇಲೆ ಅಲ್ಲಿ ಪಂಜಾ ಹಾಕೋಕೆ ನಾಚಿಕೊಳ್ತಾರೆ. ಪಂಜಾ ಅಂದರೆ ಬಡವರದ್ದು, ಹೊಲಮನೆಯವರದ್ದು ಅಂತ.

ನನ್ನ ವಾದ ಸೀದಾ ಇದೆ. ಈ ದಪ್ಪ ಟವೆಲ್ ನಮ್ಮ ನೀರಿಗೆ, ನಮ್ಮ ಬಚ್ಚಲಿಗೆ, ಎಲ್ಲಕ್ಕಿಂತ ಹೆಚ್ಚಾಗಿ ನಮ್ಮ ಮನೆಯ ಹೆಣ್ಣುಮಕ್ಕಳ ರಟ್ಟೆಗೆ ಹೊಂದೋದಿಲ್ಲ. ಅದನ್ನ ವಾರಕ್ಕೊಮ್ಮೆ ಒಗೆದರೆ ಸಾಕು ಅನ್ನೋರ ಮಾತು ತಪ್ಪು. ಮನೆಮಂದಿಗೆಲ್ಲ ಒಂದೇ ಟವೆಲ್ ಸಾಕು ಅನ್ನೋರದ್ದು ಅದಕ್ಕಿಂತ ದೊಡ್ಡ ತಪ್ಪು.

ಟರ್ಕಿ ಟವೆಲ್ ಅಂತ ಹೆಸರು ಯಾಕೆ ಬಂತು ಗೊತ್ತಾ? ಹತ್ತೊಂಬತ್ತನೇ ಶತಮಾನದಲ್ಲಿ ಹೆನ್ರಿ ಕ್ರಿಸ್ಟಿ ಅನ್ನೋ ಇಂಗ್ಲಿಷರವನು ತುರ್ಕಿಗೆ ಹೋದಾಗ ಮೈತುಂಬ ನೂಲಿನ ಕುಣಿಕೆ ಇರೋ ಬಟ್ಟೆ ಕಂಡ. ಊರಿಗೆ ಬಂದು ಅದನ್ನ ಯಂತ್ರದ ಮೇಲೆ ನೇಯಿಸಿದರು, 1851ರ ಲಂಡನ್ನಿನ ದೊಡ್ಡ ಪ್ರದರ್ಶನದಲ್ಲಿ ಇಟ್ಟರು. ಅಲ್ಲಿಂದ ಅದು ಲೋಕಕ್ಕೆಲ್ಲ ಹರಡಿತು. ತಮಾಷೆ ಏನಂದ್ರೆ, ಅದೇ ತುರ್ಕಿಯ ಜನ ತಮ್ಮ ಹಮಾಮಿನಲ್ಲಿ ತಲೆತಲಾಂತರದಿಂದ ಸುತ್ತಿಕೊಳ್ತಾ ಇದ್ದದ್ದು ಪೆಶ್ತಮಾಲ್ ಅನ್ನೋ ತೆಳ್ಳನೆ, ಕುಣಿಕೆ ಇಲ್ಲದ ಹತ್ತಿ ಬಟ್ಟೆ. ನೋಡಿದರೆ ನಮ್ಮ ಪಂಜಾನೇ! ನಮ್ಮ ಪಕ್ಕದ ಸೊಲ್ಲಾಪುರದಲ್ಲಿ ಚಾದರ ನೇಯೋ ಮಂದಿ ಈ ಕುಣಿಕೆ ಟವೆಲ್ಲನ್ನೂ ಚೆನ್ನಾಗಿ ಕಲಿತರು, ಅದಕ್ಕೆ ಭೌಗೋಳಿಕ ಗುರುತಿನ ಮಾನ್ಯತೆಯೂ ಸಿಕ್ಕಿದೆ. ನೇಯೋರ ಬಗ್ಗೆ ನನ್ನ ತಕರಾರಿಲ್ಲ. ಬಳಸೋರ ಬಗ್ಗೆ ಇದೆ.

ಸ್ವಲ್ಪ ಲೆಕ್ಕ ಹಾಕೋಣ. ಚದರ ಮೀಟರಿಗೆ 500 ಗ್ರಾಂ ತೂಗೋ ಟರ್ಕಿ ಟವೆಲ್ ಅಂತಿಟ್ಟುಕೊಳ್ಳಿ, ಅಂಗಡಿಯವರು ಒಳ್ಳೆ ಮಾಲು ಅಂತ ಕೊಡೋದು ಇದನ್ನೇ. 70 ಸೆಂಟಿಮೀಟರ್ ಅಗಲ, 140 ಉದ್ದ ಇದ್ದರೆ ಒಣ ತೂಕವೇ ಹತ್ತಿರ ಹತ್ತಿರ ಅರ್ಧ ಕಿಲೋ. ಕೈಯಿಂದ ಹಿಂಡಿದ ಮೇಲೂ ತನ್ನ ತೂಕದಷ್ಟು ನೀರು ಹಿಡಕೊಂಡೇ ಇರುತ್ತೆ. ಅಂದರೆ ಒಂದೊಂದು ಒಂದು ಕಿಲೋ. ಐದು ಮಂದಿ ಇರೋ ಮನೆಯಲ್ಲಿ ಬರೀ ಟವೆಲ್ ಒಗ್ಯಾಣವೇ ಐದು ಕಿಲೋ. ಇದನ್ನ ಬಕೀಟಿನಿಂದ ಎತ್ತಬೇಕು, ಕಲ್ಲಿನ ಮೇಲೆ ಕುಕ್ಕಬೇಕು, ಹಿಂಡಬೇಕು, ಮಾಳಿಗೆ ಹತ್ತಿ ಒಣಹಾಕಬೇಕು. ಯಾರು?

ಇದೇ ನನ್ನ ಮುಖ್ಯ ಪ್ರಶ್ನೆ ಕಣ್ರೀ. ಹಿಂದೆ ಗಂಡಸರು ಜಳಕ ಆದ ಮೇಲೆ ತಮ್ಮ ಪಂಜಾವನ್ನ ತಾವೇ ಅಲ್ಲೇ ಎರಡು ತಂಬಿಗೆ ನೀರಲ್ಲಿ ಜಾಲಾಡಿ, ಹಿಂಡಿ, ಫಟ್ ಅಂತ ಜಾಡಿಸಿ ಹಗ್ಗಕ್ಕೆ ಹಾಕಿ ಬರ್ತಿದ್ದರು. ಹೊಳೆದಂಡೆಯಲ್ಲಿ, ಹಳ್ಳದಲ್ಲಿ, ಮಠದ ಬಾವಿಯ ಹತ್ತಿರ ಎಲ್ಲ ಕಡೆ ಇದೇ ರೂಢಿ. ಅವರೇನು ಭಾರೀ ಸುಧಾರಣಾವಾದಿಗಳಾಗಿರಲಿಲ್ಲ, ಊಟದ ತಾಟು ಎತ್ತಿಡದವರೂ ಪಂಜಾ ಹಿಂಡ್ತಿದ್ದರು. ಯಾಕಂದ್ರೆ ಬಟ್ಟೆ ಹಗುರ, ಒಂದು ನಿಮಿಷದ ಕೆಲಸ. ಟರ್ಕಿ ಟವೆಲ್ ಬಂದ ಮೇಲೆ ಆ ಒಂದು ನಿಮಿಷದ ಕೆಲಸ ಅರ್ಧ ತಾಸಿನ ಕೆಲಸ ಆಯ್ತು, ಅರ್ಧ ತಾಸಿನ ಕೆಲಸ ಆದ ತಕ್ಷಣ ಅದು "ಹೆಣ್ಣುಮಕ್ಕಳ ಕೆಲಸ" ಆಯ್ತು. ಯಾರೂ ಠರಾವು ಪಾಸು ಮಾಡಲಿಲ್ಲ, ಯಾರೂ ಕೇಳಲೂ ಇಲ್ಲ. ಗಂಡಸರು ಒದ್ದೆ ಟವೆಲ್ ಮೊಳೆಗೆ ಹಾಕಿ ಹೊರಗೆ ಬಂದುಬಿಟ್ಟರು, ಅಷ್ಟೇ.

ಕಾಯಕದ ಬಗ್ಗೆ ತಾಸುಗಟ್ಟಲೆ ಮಾತಾಡೋ ನಾಡು ನಮ್ಮದು. ಹನ್ನೆರಡನೇ ಶತಮಾನದಲ್ಲಿ ದೇವರ ಹಿಪ್ಪರಗಿಯ ಮಾಚಿದೇವರು ಶರಣರ ಬಟ್ಟೆ ಮಡಿ ಮಾಡೋದನ್ನೇ ಕಾಯಕ ಮಾಡಿಕೊಂಡಿದ್ದರು ಅಂತ ಪ್ರತಿ ಜಯಂತಿಯಲ್ಲೂ ಭಾಷಣ ಮಾಡ್ತೀವಿ. ಭಾಷಣ ಮುಗಿಸಿ ಮನೆಗೆ ಬಂದು ಒದ್ದೆ ಟವೆಲ್ಲನ್ನ ಖುರ್ಚಿ ಮೇಲೆ ಎಸೀತೀವಿ.

"ಅಲ್ರೀ, ಈಗ ಮಷೀನು ಅದಾವಲ್ಲ" ಅಂತ ಒಬ್ಬರು ಖಂಡಿತ ಹೇಳ್ತಾರೆ. ಅದಾವ, ಇಲ್ಲ ಅನ್ನಲ್ಲ. ಆದರೆ ಮಷೀನು ನಡಿಯೋಕೆ ನಳದ ನೀರು ಬೇಕು, ಕರೆಂಟು ಬೇಕು. ಮಲಪ್ರಭೆಗೆ ನವಿಲುತೀರ್ಥದಲ್ಲಿ ಆಣೆಕಟ್ಟು ಕಟ್ಟಿ ರೇಣುಕಾಸಾಗರ ಅಂತ ಹೆಸರಿಟ್ಟರೂ, ಬೇಸಿಗೆಯಲ್ಲಿ ಅದರ ಆಸುಪಾಸಿನ ಊರುಗಳಲ್ಲೇ ಕೊಡ ಹಿಡಿದು ನಿಲ್ಲೋದು ತಪ್ಪಿಲ್ಲ. ಇನ್ನು ಎರೆಭೂಮಿಯ ಬೋರ್‌ವೆಲ್ ನೀರು. ಸವದತ್ತಿ, ರಾಮದುರ್ಗದ ಎಷ್ಟೋ ಕಡೆ ಅದು ಸವಳು, ಗಡಸು. ಈ ನೀರಲ್ಲಿ ಸೋಪು ನೊರೆ ಬರೋದಿಲ್ಲ, ನೀರಿನ ಸುಣ್ಣದ ಅಂಶದ ಜೊತೆ ಸೇರಿ ಜಿಗುಟು ಆಗಿ ಕುಣಿಕೆಗಳ ಒಳಗೆ ಕೂತುಬಿಡುತ್ತೆ. ನಾಲ್ಕು ತಿಂಗಳಿಗೆ ಟವೆಲ್ ಹಪ್ಪಳದ ಹಾಗೆ ಬಿರುಸಾಗುತ್ತೆ. ಆವಾಗ ಟೀವಿಯ ಜಾಹೀರಾತು ನೋಡಿ ಮೆತ್ತಗೆ ಮಾಡೋ ಪರಿಮಳದ ದ್ರವ ತಂದು ಹಾಕ್ತಾರೆ. ಅದು ನೂಲಿನ ಮೇಲೆ ಜಿಡ್ಡಿನ ತೆಳು ಪದರ ಕೂರಿಸುತ್ತೆ. ಮುಟ್ಟಿದರೆ ಮೆತ್ತಗೆ, ಆದರೆ ನೀರು ಹೀರೋದಿಲ್ಲ! ನೀರು ಹೀರಲಿ ಅಂತ ಟವೆಲ್ ಕೊಳ್ಳೋದು, ಹೀರದ ಹಾಗೆ ಮಾಡೋಕೆ ಮತ್ತೆ ರೊಕ್ಕ ಕೊಡೋದು...

ಈಗ ಆ ವಾಸನೆ ವಿಷಯ. ಮುಗ್ಗು ವಾಸನೆ ಬರೋದು ಬರೀ ಕೊಳೆಯಿಂದ ಅಂದುಕೊಂಡಿರ್ತೀವಿ. 2012ರಲ್ಲಿ ಜಪಾನಿನ ಸಂಶೋಧಕರು ಮೊರಾಕ್ಸೆಲ್ಲಾ ಆಸ್ಲೊಯೆನ್ಸಿಸ್ ಅನ್ನೋ ಬ್ಯಾಕ್ಟೀರಿಯಾ ಇದರ ಹಿಂದೆ ಇರೋದನ್ನ ತೋರಿಸಿಕೊಟ್ಟರು. ಒಗೆದ ಬಟ್ಟೆಯಲ್ಲೂ ಉಳಕೊಂಡು, ಬಟ್ಟೆ ನಿಧಾನ ಒಣಗಿದಷ್ಟೂ ಬೆಳೆಯೋ ಜೀವಿ ಅದು. ಅಂದರೆ ಎಷ್ಟು ಸಲ ಒಗೆದಿರಿ ಅನ್ನೋದರ ಜೊತೆಗೆ ಎಷ್ಟು ಬೇಗ ಒಣಗಿಸಿದಿರಿ ಅನ್ನೋದೂ ಲೆಕ್ಕಕ್ಕೆ ಬರುತ್ತೆ.

ವಾಸನೆಯನ್ನಾದರೂ ತಡಕೊಳ್ಳಬಹುದು. ಗಜಕರ್ಣ? ಕಳೆದ ಹತ್ತು-ಹನ್ನೆರಡು ವರ್ಷದಿಂದ ದೇಶದ ತುಂಬ ಚರ್ಮದ ಡಾಕ್ಟರುಗಳು ತಲೆ ಮೇಲೆ ಕೈ ಹೊತ್ತಿದ್ದಾರೆ. ಮೊದಲು ಎರಡು ವಾರಕ್ಕೆ ಹೋಗ್ತಿದ್ದ ಗಜಕರ್ಣ ಈಗ ತಿಂಗಳುಗಟ್ಟಲೆ ಔಷಧ ತಗೊಂಡರೂ ಹೋಗಲ್ಲ. ಈ ಹಟಮಾರಿ ಶಿಲೀಂಧ್ರಕ್ಕೆ 2020ರಲ್ಲಿ ಟ್ರೈಕೊಫೈಟಾನ್ ಇಂಡೊಟಿನಿಯೆ ಅಂತ ನಮ್ಮ ದೇಶದ ಹೆಸರನ್ನೇ ಸೇರಿಸಿ ಹೆಸರಿಟ್ಟರು. ಏನು ಹೆಮ್ಮೆ ನೋಡಿ! ಔಷಧಿ ಅಂಗಡಿಯಿಂದ ಕೇಳಿ ತಂದು ಹಚ್ಚಿಕೊಳ್ಳೋ ಸ್ಟೆರಾಯ್ಡ್ ಬೆರೆತ ಮುಲಾಮು ತುರಿಕೆ ಮಾತ್ರ ಅಡಗಿಸುತ್ತೆ, ರೋಗ ಒಳಗೇ ಹರಡುತ್ತೆ. ಅದಕ್ಕೇ 2018ರಲ್ಲಿ ಕೇಂದ್ರ ಸರಕಾರ 14 ಸ್ಟೆರಾಯ್ಡ್ ಮುಲಾಮುಗಳನ್ನ ಡಾಕ್ಟರ ಚೀಟಿ ಇಲ್ಲದೆ ಮಾರಬಾರದು ಅಂತ ಮಾಡಿತು. ಆದರೆ ಮುಲಾಮು ಒಂದು ಕಡೆ ಇರಲಿ, ಮನೆಯಲ್ಲಿ ಒಬ್ಬರಿಂದ ಒಬ್ಬರಿಗೆ ಇದು ದಾಟೋ ದಾರಿಗಳಲ್ಲಿ ಹಂಚಿಕೊಳ್ಳೋ ಟವೆಲ್ಲೂ ಒಂದು. ಅಪ್ಪನಿಗೆ ತೊಡೆಸಂದಿಯಲ್ಲಿ ಇರುತ್ತೆ, ನಾಚಿಕೆಗೆ ಹೇಳಲ್ಲ. ಅದೇ ಟವೆಲ್ಲಿನಿಂದ ಮಗುವಿನ ಮುಖ ಒರೆಸ್ತಾರೆ. ತಣ್ಣೀರಲ್ಲಿ ಅದ್ದಿ ತೆಗೆದರೆ ಆ ಶಿಲೀಂಧ್ರ ಹೋಗೋದಿಲ್ಲ, 60 ಡಿಗ್ರಿಯಷ್ಟು ಕುದಿಬಿಸಿ ನೀರು ಬೇಕು. ಹಂಡೆಯಲ್ಲಿ ಹತ್ತು ಪಂಜಾ ಕುದಿಸಬಹುದು. ಹತ್ತು ಟರ್ಕಿ ಟವೆಲ್ ಕುದಿಸಿ ತೋರಿಸಿ ನೋಡೋಣ.

ಇದರಲ್ಲೇ ಇನ್ನೊಂದು ಸಂಕಟ ಇದೆ, ಯಾರೂ ಬಾಯಿ ಬಿಡಲ್ಲ. ಗಂಡಸರ ಬಟ್ಟೆ ಅಂಗಳದ ತಂತಿ ಮೇಲೆ ಬಿಸಿಲಿಗೆ ಮೆರೀತಾವೆ. ಹೆಣ್ಣುಮಕ್ಕಳ ಟವೆಲ್ಲು, ಒಳಬಟ್ಟೆ ಮಾತ್ರ ಹಿತ್ತಲ ಮೂಲೆಯಲ್ಲಿ, ಇಲ್ಲ ಸೀರೆಯ ಕೆಳಗೆ ಮುಚ್ಚಿ. "ಮಂದಿ ನೋಡ್ತಾರ" ಅಂತ. ಮಂದಿ ನೋಡೋದು ಬಟ್ಟೆಯನ್ನಲ್ವೇ? ಬಿಸಿಲು ಬೀಳದ ಒದ್ದೆ ಬಟ್ಟೆ ತೊಟ್ಟು ತುರಿಸಿಕೊಳ್ಳೋದು ಯಾರು? ಮೈ ಅವರದ್ದು, ಮರ್ಯಾದೆ ಮಾತ್ರ ಮನೆತನದ್ದು. ಈ ಒಂದು ವಿಷಯದಲ್ಲಿ ಎಲ್ಲಮ್ಮನ ಗುಡ್ಡವೇ ವಾಸಿ. ಜೋಗುಳಬಾವಿಯಲ್ಲಿ ಜಳಕ ಮಾಡಿದವರು ಟ್ರ್ಯಾಕ್ಟರ್ ಟ್ರೇಲರಿನ ಅಂಚಿಗೆ, ಬಂಡೆ ಮೇಲೆ, ಜಾಲಿಗಿಡದ ಮೇಲೆ ಗಂಡಸರದ್ದು ಹೆಂಗಸರದ್ದು ಅಂತ ನೋಡದೆ ಎಲ್ಲ ಹರವಿರ್ತಾರೆ. ದೇವಿ ಸಿಟ್ಟಾಗಿದ್ದು ಕಾಣೆ.

ಕಿತ್ತೂರಿನವರು ಈಗ ನನ್ನ ಮೇಲೆ ಏರಿ ಬರ್ತಾರೆ. "ನಿಮ್ಮ ರಾಮದುರ್ಗದಾಗ ಬಿಸಲು ಐತಿ, ಹೇಳ್ತೀರಿ. ಆಷಾಢದಾಗ ನಮ್ಮ ಕಡೆ ಬಂದು ನೋಡ್ರಿ." ನಿಜ. ಕಿತ್ತೂರು ಮಲೆನಾಡಿನ ಅಂಚು, ಜಿಟಿಜಿಟಿ ಮಳೆ ಹಿಡಿದರೆ ವಾರಗಟ್ಟಲೆ ಬಿಡಲ್ಲ. ಆದರೆ ಅದೇ ಪಂಜಾದ ಪರವಾಗಿರೋ ಸಾಕ್ಷಿ! ಆ ಕಡೆ ಬಚ್ಚಲ ಒಲೆಯ ಮೇಲೆ ಹಗ್ಗ ಕಟ್ಟಿ ಬಟ್ಟೆ ಒಣಗಿಸ್ತಿದ್ದರು. ಸ್ವಲ್ಪ ಹೊಗೆ ವಾಸನೆ ಬರ್ತಿತ್ತು, ಮುಗ್ಗು ಬರ್ತಿರಲಿಲ್ಲ. ಈಗ ಸೋಲಾರು, ಗ್ಯಾಸ್ ಗೀಸರು ಬಂದು ಒಲೆ ಹೋಗಿದೆ, ಅದೇ ಹೊತ್ತಿಗೆ ಟವೆಲ್ ಮೂರು ಪಟ್ಟು ದಪ್ಪ ಆಗಿದೆ. ತೆಳುವಾದದ್ದು ಫ್ಯಾನಿನ ಕೆಳಗೆ ರಾತ್ರಿ ಕಳೆಯೋದರೊಳಗೆ ಒಣಗುತ್ತೆ. ದಪ್ಪದ್ದು ಎರಡು ದಿನ ಆದರೂ ಅಂಚಿನಲ್ಲಿ ತಂಪು ಇಟ್ಟುಕೊಂಡೇ ಇರುತ್ತೆ. ಅಂಥಾ ಊರಿನವರು ತೆಳು ಬಟ್ಟೆ ಬಳಸಬೇಕೋ, ದಪ್ಪದ್ದೋ?

"ಪಂಜಾದಾಗ ಮೈ ಒರೆಸಿದಂಗ ಆಗಂಗಿಲ್ಲ" ಅನ್ನೋರಿಗೆ: ಹೊಸ ಪಂಜಾದಲ್ಲಿ ಗಂಜಿ ಇರುತ್ತೆ, ನಾಲ್ಕು ಸಲ ಒಗೆಯಿರಿ. ಆಮೇಲೂ ಸಾಲದಿದ್ದರೆ ಜೇನುಗೂಡಿನ ಹಾಗೆ ಸಣ್ಣ ಚೌಕಳಿ ಬರೋ ನೇಯ್ಗೆಯ ಹತ್ತಿ ಟವೆಲ್ ಖಾದಿ ಅಂಗಡಿಗಳಲ್ಲಿ ಕೇಳಿ ನೋಡಿ. ಚೆನ್ನಾಗಿ ಹೀರುತ್ತೆ, ಬೇಗ ಒಣಗುತ್ತೆ.

ಇನ್ನು ನೇಕಾರರ ಮಾತು. 1985ರ ಕೈಮಗ್ಗ ಮೀಸಲಾತಿ ಕಾಯ್ದೆಯಲ್ಲಿ ಕೈಮಗ್ಗಕ್ಕೇ ಅಂತ ಕಾದಿಟ್ಟ ಸಾಮಾನುಗಳ ಪಟ್ಟಿಯಲ್ಲಿ ಟವೆಲ್, ಅಂಗವಸ್ತ್ರ ಇವೆ. ಕಾಗದದ ಮೇಲೆ. ರಾಮದುರ್ಗ, ಸುರೇಬಾನದ ಕಡೆ ಮಗ್ಗದ ಮನೆಗಳು ಇವೆ, 2019ರ ಆಗಸ್ಟಿನಲ್ಲಿ ಮಲಪ್ರಭೆ ಉಕ್ಕಿ ರಾಮದುರ್ಗದ ನೇಕಾರರ ಮನೆಗಳಿಗೇ ನುಗ್ಗಿದ್ದು ಎಲ್ಲರಿಗೂ ನೆನಪಿದೆ. ಬೈಲಹೊಂಗಲದ ಪೇಟೆಗೆ ಗಾಡಿಗಟ್ಟಲೆ ಹತ್ತಿ ಬರುತ್ತೆ. ಹತ್ತಿಯೂ ನಮ್ಮದೇ, ನೇಯೋ ಕೈಯೂ ನಮ್ಮದೇ, ಮೈ ಒರೆಸೋ ಬಟ್ಟೆ ಮಾತ್ರ ಎಲ್ಲಿಂದಲೋ ಪ್ಲಾಸ್ಟಿಕ್ ಚೀಲದಲ್ಲಿ ಬರಬೇಕು.

ಪ್ಲಾಸ್ಟಿಕ್ ಅಂದಾಗ ನೆನಪಾಯ್ತು, ಆಯೇರಿ ಟವೆಲ್! ನಮ್ಮ ಕಡೆ ಮದುವೆಯಲ್ಲಿ ಬೀಗರಿಗೆ, ಹಿರಿಯರಿಗೆ ಟವೆಲ್ಲು ಟೊಪ್ಪಿಗೆ ಕೊಡೋದು ಪದ್ಧತಿ. ಒಳ್ಳೆ ಪದ್ಧತಿ, ಬೇಡ ಅನ್ನಲ್ಲ. ಆದರೆ ಈಗ ಕೊಡೋದು ಏನು? ಹೊಳೆಯೋ ಪಾಲಿಯೆಸ್ಟರ್ ತುಂಡು. ಹತ್ತಿ ನೂಲು ಗಾಳಿಯಿಂದಲೇ ತನ್ನ ತೂಕದ 8 ಪರ್ಸೆಂಟಿನಷ್ಟು ತೇವ ಎಳಕೊಳ್ಳುತ್ತೆ, ಪಾಲಿಯೆಸ್ಟರ್ ಅರ್ಧ ಪರ್ಸೆಂಟೂ ಇಲ್ಲ. ಅದರಿಂದ ಒರೆಸಿದರೆ ನೀರು ಬೆನ್ನಿನಿಂದ ಹೊಟ್ಟೆಗೆ ಬರುತ್ತೆ, ಅಷ್ಟೇ. ಕೊಡೋರಿಗೂ ಗೊತ್ತು, ತಗೊಳ್ಳೋರಿಗೂ ಗೊತ್ತು. ಅದಕ್ಕೇ ಯಾರೂ ಮಡಿಕೆ ಬಿಚ್ಚಲ್ಲ, ಟ್ರಂಕಿಗೆ ಹಾಕಿ ಮುಂದಿನ ಮದುವೆಯಲ್ಲಿ ಇನ್ನೊಬ್ಬರ ಹೆಗಲಿಗೆ ಹಾಕ್ತಾರೆ. ಹೀಗೆ ಬೈಲಹೊಂಗಲದಿಂದ ಹೊರಟ ಟವೆಲ್ ಮುರಗೋಡ, ಯರಗಟ್ಟಿ, ಗೊಡಚಿ ಎಲ್ಲ ತಿರುಗಿ, ಒಂದು ಹನಿ ನೀರೂ ಕಾಣದೆ, ಕೊಟ್ಟವರ ಮನೆಗೇ ವಾಪಸು ಬಂದರೂ ಆಶ್ಚರ್ಯ ಇಲ್ಲ :-)

ಇಪ್ಪತ್ತು ಆಯೇರಿ ಕೊಡೋ ಕಡೆ ಹತ್ತೇ ಕೊಡಿ, ಹತ್ತಿಯದ್ದು ಕೊಡಿ. ಮನೆಯಲ್ಲಿ ತಲೆಗೆ ಎರಡರಂತೆ ಪಂಜಾ ಇರಲಿ, ಬೇರೆಬೇರೆ ಅಂಚಿನದ್ದು, ಯಾರದ್ದು ಯಾವುದು ಅಂತ ಗುರುತು ಸಿಗೋ ಹಾಗೆ. ದಿನಾ ಜಾಲಾಡಿ ಬಿಸಿಲಿಗೆ, ವಾರಕ್ಕೊಮ್ಮೆ ಕುದಿನೀರಿಗೆ. ಹಿಂಡೋದು ಮಾತ್ರ ಒರೆಸಿಕೊಂಡವರೇ. ಆರು ವರ್ಷದ ಹುಡುಗನಿಗೂ ಬರುತ್ತೆ, ಒಂದು ತುದಿ ನಳಕ್ಕೆ ಸುತ್ತಿ ಇನ್ನೊಂದು ತುದಿ ತಿರುವೋದು ಹೇಳಿಕೊಟ್ಟರೆ ಸಾಕು.