‘ಗುಳ್ಟು’ ನೋಡಿ “ನಮಗೇನ್ ಬಿಡೋ” ಅಂದ ಜತ್ತದ ಹುಡುಗರಿಗೆ



2018ರ ಮಾರ್ಚ್ 30ಕ್ಕೆ ತೆರೆಗೆ ಬಂದ ‘ಗುಳ್ಟು’ ಸಿನಿಮಾವನ್ನು ನಮ್ಮ ಉಮದಿ, ಸಂಖ, ಮಾಡಗ್ಯಾಳ ಕಡೆಯ ಹುಡುಗರು ಇವತ್ತಿಗೂ ಫೋನಿನಲ್ಲಿ ನೋಡ್ತಾರೆ. ನೋಡಿ ಗ್ರೂಪಿನಲ್ಲಿ ಎರಡು ಮಾತು ಬರೀತಾರೆ. ಕನ್ನಡ ಸಿನಿಮಾ ನೋಡಿ ಕನ್ನಡದಲ್ಲೇ ಬರೀತಾರಲ್ಲ, ಅದು ಸಂತೋಷ. ಆದರೆ ಬರೆದದ್ದನ್ನು ಓದಿದರೆ ಹೊಟ್ಟೆ ಉರೀತದ. ಹೆಚ್ಚುಕಮ್ಮಿ ಎಲ್ಲರ ಮಾತು ಈ ಮೂರರೊಳಗ ಮುಗೀತದ:

“ಚಲೋ ಐತಿ, ಆದ್ರ ಫಸ್ಟ್ ಹಾಫ್ ಸ್ಲೋ.”
“ಬೆಂಗಳೂರಿನ ಐಟಿ ಮಂದಿ ಕತಿ. ನಮಗೇನ್ ಸಂಬಂಧ?”
“ಕದ್ದರ ಕದೀಲಿ ಬಿಡೋ, ನಮ್ಮ ಕಡೆ ಮುಚ್ಚಿಡಾಕ ಏನೈತಿ?”

ಮೊದಲನೇ ಮಾತಿಗೆ ನಮ್ಮ ತಕರಾರಿಲ್ಲ. ಅದು ಅವರವರ ರುಚಿ. ಉಳಿದ ಎರಡು ಮಾತಿಗೆ ಮಾತ್ರ ಸುಮ್ಮನಿರೋಕೆ ಆಗೋದಿಲ್ಲ.

ನೋಡದವರಿಗೆ ಸ್ವಲ್ಪದರಲ್ಲಿ ಹೇಳ್ತೀವಿ. ನಿರ್ದೇಶನ ಜನಾರ್ದನ್ ಚಿಕ್ಕಣ್ಣ ಅವರದು, ನವೀನ್ ಶಂಕರ್ ಮತ್ತು ಸೋನು ಗೌಡ ಮುಖ್ಯ ಪಾತ್ರದಲ್ಲಿದ್ದಾರೆ. ದೊಡ್ಡ ಸ್ಟಾರ್ ಇಲ್ಲ, ದೊಡ್ಡ ಬಜೆಟ್ಟೂ ಇಲ್ಲ. ಕಂಪ್ಯೂಟರ್ ಬಲ್ಲ ಹುಡುಗರು, ಸ್ಟಾರ್ಟಪ್ಪು, ಹ್ಯಾಕಿಂಗು, ಕೋಟಿಗಟ್ಟಲೆ ಜನರ ಆಧಾರ್ ಮಾಹಿತಿಯ ಕಳವು, ಇದು ಅದರ ಕತೆ. ಕೊನೆಯ ತಿರುವನ್ನು ಇಲ್ಲಿ ಹೇಳಿ ನಿಮ್ಮ ಮಜಾ ಕೆಡಿಸೋದಿಲ್ಲ.

ಅದು ಬಿಡುಗಡೆಯಾದ ಹೊತ್ತನ್ನು ನೆನಪಿಡಿ. ಹದಿಮೂರು ದಿನ ಮೊದಲು, ಮಾರ್ಚ್ 17ಕ್ಕೆ, ಕೇಂಬ್ರಿಜ್ ಅನಾಲಿಟಿಕಾ ಹಗರಣ ಜಗತ್ತಿನ ಮುಂದೆ ಬಂದಿತ್ತು. 8.7 ಕೋಟಿ ಜನರ ಫೇಸ್‌ಬುಕ್ ಮಾಹಿತಿ ಆ ಕಂಪನಿಗೆ ಹೋಗಿರಬಹುದು, ಅದರಲ್ಲಿ ಭಾರತದವರು 5.62 ಲಕ್ಷ ಅಂತ ಆಮೇಲೆ ಫೇಸ್‌ಬುಕ್ಕೇ ಒಪ್ಪಿಕೊಂಡಿತು. ಜಗತ್ತು ಆಗ ಬೆಚ್ಚಿ ಕೇಳ್ತಿದ್ದ ಪ್ರಶ್ನೆಯನ್ನು ಒಂದು ಸಣ್ಣ ಕನ್ನಡ ಸಿನಿಮಾ ಕೇಳಿತ್ತು. ನಾವು “ಸ್ಲೋ” ಅಂತ ಬರೆದು ಮಲಗಿದೆವು.

ಈಗ ಎರಡನೇ ಮಾತು, “ಬೆಂಗಳೂರಿನ ಮಂದಿ ಕತಿ.”

ಅಣ್ಣಾ, ಆಧಾರ್ ಶುರುವಾದದ್ದು ಎಲ್ಲಿ ಗೊತ್ತದೇನ? ಬೆಂಗಳೂರಿನಲ್ಲಲ್ಲ, ದಿಲ್ಲಿಯಲ್ಲೂ ಅಲ್ಲ. 2010ರ ಸೆಪ್ಟೆಂಬರ್ 29ಕ್ಕೆ, ನಾವಿರುವ ಇದೇ ಮಹಾರಾಷ್ಟ್ರದ ನಂದುರಬಾರ ಜಿಲ್ಲೆಯ ಟೆಂಭಲಿ ಅನ್ನೋ ಆದಿವಾಸಿ ಹಳ್ಳಿಯಲ್ಲಿ. ಪ್ರಧಾನಿ ಮನಮೋಹನ ಸಿಂಗರೇ ಬಂದು ಮೊದಲ ಕಾರ್ಡುಗಳನ್ನು ಕೊಟ್ಟರು. ಐಟಿ ಕಂಪನಿಯ ಸಾಹೇಬರ ಬೆರಳಿಗಿಂತ ಮೊದಲು ಯಂತ್ರದ ಮೇಲೆ ಬಿದ್ದದ್ದು ಹೊಲದಾಗ ದುಡಿಯೋರ ಬೆರಳು. ಹಂಗಿದ್ದಾಗ ಈ ಕತೆ ಯಾರದು?

ನಮ್ಮ ತಾಲೂಕನ್ನೇ ನೋಡಿ. ಬೆಂಗಳೂರಿನ ಸಾಫ್ಟ್‌ವೇರ್ ಹುಡುಗ ದಿನಕ್ಕೆಷ್ಟು ಸಲ ಆಧಾರ್ ತೋರಿಸ್ತಾನ? ನಮ್ಮವ್ವ ರೇಷನ್ ಅಂಗಡಿಯಾಗ ಹೆಬ್ಬೆಟ್ಟು ಒತ್ತಬೇಕು. ಮುತ್ಯಾ ಪಗಾರದ ರೊಕ್ಕ ತೆಗಿಯಾಕ ಹೆಬ್ಬೆಟ್ಟು ಒತ್ತಬೇಕು. ಕಬ್ಬು ಕಡಿಯೋ ಟೋಳಿಗೆ ಹೆಸರು ಹಚ್ಚುವಾಗ ಮುಕಾದಮನ ಕೈಗೆ ಆಧಾರ್ ಝೆರಾಕ್ಸ್ ಹೋಗ್ತದ. ಮೊದಲು ಸಿಮ್ ತಗೊಂಡ್ರೂ ಝೆರಾಕ್ಸ್ ಹೋಗ್ತಿತ್ತು, ಫೈನಾನ್ಸ್‌ದವರು ಬಂದ್ರ ಝೆರಾಕ್ಸ್. ಆ ಝೆರಾಕ್ಸ್ ಕಡೆಗೆ ಎಲ್ಲಿ ಹೋಯಿತು ಅಂತ ಯಾರಾದ್ರೂ ಕೇಳೀರೇನು? ಬಡವನ ಮಾಹಿತಿ ಓಡಾಡಿದಷ್ಟು ಶ್ರೀಮಂತನ ಮಾಹಿತಿ ಓಡಾಡೋದಿಲ್ಲ. ಅವನಿಗೆ “ಕೊಡೋದಿಲ್ಲ” ಅನ್ನೋ ತಾಕತ್ತದ. ನಮ್ಮವ್ವ ಕೊಡೋದಿಲ್ಲ ಅಂದರೆ ಆ ತಿಂಗಳ ಗೋದಿ ಇಲ್ಲ.

ಇನ್ನೊಂದು ಮಾತು ತಗೊಳ್ಳಿ. ಲಾಡಕಿ ಬಹೀಣ ಯೋಜನೆಯ ತಿಂಗಳ 1,500 ರೂಪಾಯಿಗೆ 2025ರಲ್ಲಿ ಇ-ಕೆವೈಸಿ ಕಡ್ಡಾಯ ಮಾಡಿದರು. ತನ್ನ ಆಧಾರ್ ಕೊಡಬೇಕು, ಗಂಡನದೋ ಅಪ್ಪನದೋ ಕೊಡಬೇಕು, ಫೋನಿಗೆ ಬಂದ ಓಟಿಪಿ ಹೇಳಬೇಕು. ವೆಬ್‌ಸೈಟು ಮರಾಠಿಯಲ್ಲಿ. ಕನ್ನಡ ಶಾಲೆಯಲ್ಲಿ ನಾಲ್ಕನೇ ಇಯತ್ತೆ ಓದಿದ ಹೆಣ್ಣುಮಗಳು ಅದರ ಮುಂದೆ ನಿಂತು ಏನು ಮಾಡಬೇಕು? ಫೋನನ್ನೇ ಸೆಂಟರಿನ ಹುಡುಗನ ಕೈಗೆ ಕೊಡ್ತಾಳ. ಅವನು “ಒಪ್ಪಿಗೆ” ಅನ್ನೋ ಚೌಕಟ್ಟಿನಾಗ ಟಿಕ್ ಮಾಡ್ತಾನ. ಒಪ್ಪಿದವರು ಯಾರು? ಕಾಗದದ ಪ್ರಕಾರ ಅವಳು. ಏನು ಬರೆದದ ಅಂತ ಅವಳು ಓದಿಲ್ಲ, ಓದಿ ಹೇಳಿದವರೂ ಇಲ್ಲ. ಸಿನಿಮಾದ ಕಳ್ಳ ಪಾಸ್‌ವರ್ಡ್ ಮುರೀಬೇಕು. ನಮ್ಮಲ್ಲಿ ಆ ತ್ರಾಸು ಯಾರಿಗೂ ಇಲ್ಲ.

ಮೂರನೇ ಮಾತು, “ಮುಚ್ಚಿಡಾಕ ಏನೈತಿ?”

ಇದು ನಮ್ಮ ಹುಡುಗರ ಬಾಯಲ್ಲಿ ಹುಟ್ಟಿದ ಮಾತಲ್ಲ. ಸುಪ್ರೀಂ ಕೋರ್ಟಿನಲ್ಲೇ ಈ ವಾದ ಬಂದಿತ್ತು. ಖಾಸಗಿತನ ಮೂಲಭೂತ ಹಕ್ಕೇ ಅಲ್ಲ ಅಂತ 2015ರಲ್ಲಿ ಸರ್ಕಾರದ ಅಟಾರ್ನಿ ಜನರಲ್ ವಾದಿಸಿದರು. ಬಡವರಿಗೆ ಅನ್ನ ಸಿಕ್ಕರೆ ಸಾಕು, ಖಾಸಗಿತನ ಅನ್ನೋದು ಉಳ್ಳವರ ಚಿಂತೆ ಅನ್ನೋ ಧಾಟಿಯ ವಾದವೂ ಬಂತು. ಇದರ ವಿರುದ್ಧ ಕೋರ್ಟಿನ ಮೆಟ್ಟಿಲು ಹತ್ತಿದವರು ಯಾರು? ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ, ನಮ್ಮ ಕನ್ನಡದ ಹಿರಿಯರು, ಕೆ.ಎಸ್. ಪುಟ್ಟಸ್ವಾಮಿ. 2012ರಲ್ಲಿ ಅರ್ಜಿ ಹಾಕಿದಾಗ ಅವರ ವಯಸ್ಸು 86. 2017ರ ಆಗಸ್ಟ್ 24ಕ್ಕೆ ಒಂಬತ್ತು ನ್ಯಾಯಮೂರ್ತಿಗಳ ಪೀಠ ಒಮ್ಮತದಿಂದ ಹೇಳಿತು: ಖಾಸಗಿತನ ಮೂಲಭೂತ ಹಕ್ಕು. ಬಡವನಿಗೆ ಇಂಥ ಹಕ್ಕು ಬೇಕಿಲ್ಲ ಅನ್ನೋ ವಾದವನ್ನು ಅದೇ ತೀರ್ಪು ತಳ್ಳಿಹಾಕಿತು. ಮರುವರ್ಷ ಸೆಪ್ಟೆಂಬರ್ 26ರ ಆಧಾರ್ ತೀರ್ಪು ಸರ್ಕಾರಿ ಸವಲತ್ತಿಗೆ ಆಧಾರ್ ಕೇಳೋದನ್ನು ಉಳಿಸಿತು. ಸಿಮ್ಮಿಗೆ, ಬ್ಯಾಂಕ್ ಖಾತೆಗೆ ಜೋಡಿಸಲೇಬೇಕು ಅನ್ನೋದನ್ನು ತೆಗೆದುಹಾಕಿತು.

86ರ ಅಜ್ಜ ನಮ್ಮ ಸಲುವಾಗಿ ದಿಲ್ಲಿವರೆಗೆ ಬಡಿದಾಡಿ ಹಕ್ಕು ತಂದುಕೊಟ್ಟ. 20ರ ಹುಡುಗ ಕಟ್ಟೆ ಮೇಲೆ ಕುಂತು “ಏನೈತಿ ಮುಚ್ಚಿಡಾಕ” ಅಂತಾನ. ನಾಚಿಕೆ ಆಗಬೇಕು.

ಮುಚ್ಚಿಡೋಕೆ ಏನೈತಿ ಅಂದ್ರಿ? ಹೆಬ್ಬೆಟ್ಟೈತಿ. ಪಾಸ್‌ವರ್ಡ್ ಹೋದರೆ ಬದಲಿಸಬಹುದು, ಬೆರಳು ಬದಲಿಸೋಕೆ ಆಗ್ತದೇನು? ಊರಿಗೆ ಬರೋ ಬ್ಯಾಂಕ್ ಪ್ರತಿನಿಧಿಯ ಯಂತ್ರಕ್ಕೆ ಪಿನ್ ಬೇಡ, ಓಟಿಪಿ ಬೇಡ. ಬ್ಯಾಂಕಿನ ಹೆಸರು, ಆಧಾರ್ ನಂಬರು, ಬೆರಳು ಇಷ್ಟಿದ್ದರೆ ಹಣ ಹೊರಗೆ ಬರ್ತದ. 2023ರಲ್ಲಿ ಕರ್ನಾಟಕದಲ್ಲೇ ಆಸ್ತಿ ನೋಂದಣಿ ಪತ್ರದ ಮೇಲಿನ ಹೆಬ್ಬೆಟ್ಟಿನ ಗುರುತನ್ನು ನಕಲು ಮಾಡಿ ಖಾತೆಯಿಂದ ಹಣ ತೆಗೆದ ಪ್ರಕರಣಗಳು ಪೊಲೀಸರ ಮುಂದೆ ಬಂದವು. ಖಾತೆಯಾಗ ಎರಡು ಸಾವಿರ ಇದ್ದವನಿಗೆ ಆ ಎರಡು ಸಾವಿರವೇ ಸರ್ವಸ್ವ.

ಹಾಗಂತ ‘ಗುಳ್ಟು’ವಿನಲ್ಲಿ ಕೊರತೆ ಇಲ್ಲ ಅಂತ ನಾವು ಹೇಳೋದಿಲ್ಲ. ನಮ್ಮ ದೂರು ಬೇರೆ. ಮಾಹಿತಿ ಕದಿಯೋಕೆ ಮಹಾ ಬುದ್ಧಿವಂತ ಬೇಕು ಅನ್ನೋ ಭಾವನೆಯನ್ನು ಸಿನಿಮಾ ಬಿಟ್ಟು ಹೋಗ್ತದ. ಅದು ಬರೋ ಮೂರು ತಿಂಗಳು ಮೊದಲು, 2018ರ ಜನವರಿಯಲ್ಲಿ, ‘ದಿ ಟ್ರಿಬ್ಯೂನ್’ ಪತ್ರಿಕೆಯ ವರದಿ ಏನು ಹೇಳಿತ್ತು? 500 ರೂಪಾಯಿ ಕೊಟ್ಟು, ಹತ್ತೇ ನಿಮಿಷದಲ್ಲಿ, ಕೋಟ್ಯಂತರ ಜನರ ಆಧಾರ್ ವಿವರ ನೋಡೋ ಲಾಗಿನ್ ಸಿಕ್ಕಿತು ಅಂತ. ಮಾಹಿತಿ ಸೋರಿಲ್ಲ ಅಂತ ಪ್ರಾಧಿಕಾರ ಹೇಳಿತು, ಪೊಲೀಸರಿಗೆ ದೂರನ್ನೂ ಕೊಟ್ಟಿತು. ಆ ವರದಿಯೊಳಗ ಹ್ಯಾಕರ್ ಎಲ್ಲಿದ್ದಾನ? ಏಜೆಂಟ್ ಇದ್ದಾನ, ಐನೂರು ರೂಪಾಯಿ ಅದ. ಈ ಮಾತನ್ನು ಹಿಡಿದು ಯಾರಾದರೂ ವಿಮರ್ಶೆ ಬರೆದಿದ್ದರೆ ನಾವೇ ಹೊತ್ತು ಮೆರೆಸ್ತಿದ್ದೆವು.

ಕೊನೆಗೆ ಒಂದು ಕೆಲಸದ ಮಾತು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯ್ದೆಯಲ್ಲಿ ನಮ್ಮಂಥವರ ಸಲುವಾಗಿಯೇ ಬರೆದಂತಿರೋ ಒಂದು ಮಾತದ. ನಿಮ್ಮ ಒಪ್ಪಿಗೆ ಕೇಳೋರು ಅದರ ನೋಟಿಸನ್ನು ಇಂಗ್ಲಿಷಿನಲ್ಲಿ ಅಥವಾ ಸಂವಿಧಾನದ ಎಂಟನೇ ಅನುಸೂಚಿಯ ಯಾವುದೇ ಭಾಷೆಯಲ್ಲಿ ಓದೋ ಅವಕಾಶ ಕೊಡಬೇಕು. ಆ 22 ಭಾಷೆಗಳಲ್ಲಿ ಕನ್ನಡ ಅದ. ಕರ್ನಾಟಕದಲ್ಲಿ ಇದ್ದವರಿಗೆ ಮಾತ್ರ ಅಂತ ಎಲ್ಲೂ ಬರೆದಿಲ್ಲ. ನಿಯಮಗಳು 2025ರ ನವೆಂಬರಿನಲ್ಲಿ ಬಂದವು, ಈ ಭಾಗ ಪೂರಾ ಜಾರಿಗೆ ಬರಲು 18 ತಿಂಗಳ ಗಡುವು ಕೊಟ್ಟಾರ. ಅಷ್ಟರೊಳಗ ಕೇಳೋ ರೂಢಿ ನಮ್ಮಲ್ಲಿ ಬರಬೇಕು. ಕೇಳದಿದ್ದರೆ ಕಾಯ್ದೆ ಪುಸ್ತಕದಾಗೇ ಇರ್ತದ. ಇದು ಮರಾಠಿ ಗೆಳೆಯರ ಮೇಲಿನ ಜಗಳ ಅಲ್ಲ. ಇಂಗ್ಲಿಷ್ ನೋಟಿಸಿನ ಮುಂದೆ ಅವರ ಅವ್ವನೂ ನಮ್ಮವ್ವನಂಗ ಕುರುಡಿ.

ಹಾಗಾದರೆ ಇವತ್ತು ಏನು ಮಾಡಬೇಕು?

1. ಎಂ-ಆಧಾರ್ ಆ್ಯಪ್ ಕನ್ನಡದಲ್ಲೂ ಅದ. ಮನೆಯವರ ಬಯೋಮೆಟ್ರಿಕ್ ಲಾಕ್ ಮಾಡಿ. ರೇಷನ್ನಿಗೋ ರೊಕ್ಕ ತೆಗಿಯಾಕೋ ಹೋಗುವಾಗ ತೆಗೆದು ಮತ್ತೆ ಹಾಕೋದನ್ನು ಕಲಿಸಿ.
2. ಝೆರಾಕ್ಸ್ ಕೇಳಿದರೆ ಮೊದಲ ಎಂಟು ಅಂಕಿ ಮುಚ್ಚಿದ ಮಾಸ್ಕ್ಡ್ ಆಧಾರ್ ನಡೀತದೇನು ಅಂತ ಕೇಳಿ. ಕೊಟ್ಟ ಪ್ರತಿಯ ಮೇಲೆ ಯಾವ ಕೆಲಸಕ್ಕೆ, ಯಾವ ತಾರೀಖು ಅಂತ ಬರೆಯಿರಿ.
3. ಆಧಾರ್ ಸಹಾಯವಾಣಿ 1947. ಅಲ್ಲಿ ಕನ್ನಡದಲ್ಲೇ ಮಾತಾಡಬಹುದು. ಹಣ ಹೋದರೆ ತಡ ಮಾಡದೆ 1930ಕ್ಕೆ ಫೋನ್ ಮಾಡಿ.
4. ಅವ್ವ, ಕಾಕು, ಅಜ್ಜಿ ಸೆಂಟರಿಗೆ ಹೋಗುವಾಗ ಜೊತೆಗೆ ಹೋಗಿ. ಟಿಕ್ ಮಾಡೋ ಮೊದಲು ಅಲ್ಲಿ ಬರೆದದ್ದನ್ನು ಕನ್ನಡದಲ್ಲಿ ಓದಿ ಹೇಳಿ.

ಇದನ್ನೆಲ್ಲ ಮಾಡಿ, ಆಮೇಲೆ ‘ಗುಳ್ಟು’ ಮತ್ತೊಮ್ಮೆ ನೋಡಿ. ಫಸ್ಟ್ ಹಾಫ್ ಆಗಲೂ ಸ್ಲೋ ಅನಿಸಿದರೆ ಧಾರಾಳವಾಗಿ ಬರೀರಿ, ಒಪ್ಪಿಕೊಳ್ತೀವಿ. “ನಮಗೇನ್ ಸಂಬಂಧ” ಅಂತ ಮಾತ್ರ ಬರೀಬ್ಯಾಡ್ರಿ.