ಹಬ್ಬದ ಹಣಕ್ಕೆ ಜಮಾಅತ್ ದಾರಿ ತೋರಲಿ

2020ರ ಮೇ ತಿಂಗಳ ಈದುಲ್ ಫಿತ್ರನ್ನು ನಾವು ಇಷ್ಟು ಬೇಗ ಮರೆತೆವೇ? ಅಂದು ಲಾಕ್‌ಡೌನ್‌ನಿಂದಾಗಿ ಈದ್‌ಗಾಹ್‌ಗಳು ಬರಿದಾಗಿದ್ದವು. ನಮಾಝ್ ಮನೆಯೊಳಗೇ ನಡೆಯಿತು. ಆ ರಮಝಾನಿನಲ್ಲಿ ರಾಜ್ಯದ ಅನೇಕ ಉಲಮಾಗಳು ಹಾಗೂ ಜಮಾಅತ್‌ಗಳು, ಈ ಸಲ ಹೊಸ ಬಟ್ಟೆ ಬೇಡ, ಆ ಹಣ ಒಲೆ ಉರಿಯದ ಮನೆಗಳಿಗೆ ಹೋಗಲಿ ಎಂದು ಕರೆಕೊಟ್ಟವು. ಸಮುದಾಯ ಕಿವಿಗೊಟ್ಟಿತು. ಬಟ್ಟೆಯ ಹಣ ಅಕ್ಕಿ, ಬೇಳೆ, ಎಣ್ಣೆಯ ಕಿಟ್‌ಗಳಾಗಿ ಬಡವರ ಬಾಗಿಲಿಗೆ ತಲುಪಿತು. ಅದರಿಂದ ಯಾರ ಈದ್ ಕಳೆಗುಂದಿತು?

ಮಾರುಕಟ್ಟೆ ತೆರೆಯಿತು, ಕಲಿತ ಪಾಠ ಮರೆತುಹೋಯಿತು. ಲೈಲತುಲ್ ಖದ್ರನ್ನು ಅರಸಬೇಕಾದ ಕೊನೆಯ ಹತ್ತು ರಾತ್ರಿಗಳನ್ನು ನಮ್ಮ ಎಷ್ಟೋ ಕುಟುಂಬಗಳು ಬಟ್ಟೆಯಂಗಡಿಗಳಲ್ಲಿ ಕಳೆಯುತ್ತಿವೆ. ಹಸಿದವನ ಉಪವಾಸ ತೊರೆಸಬೇಕಾದ ಇಫ್ತಾರ್, ಹೊಟ್ಟೆ ತುಂಬಿದವರನ್ನು ಹೊಗಳುವ ವೇದಿಕೆಯಾಗಿದೆ. 2002ರಲ್ಲಿ ರಾಷ್ಟ್ರಪತಿ ಎ.ಪಿ.ಜೆ. ಅಬ್ದುಲ್ ಕಲಾಮ್ ಅವರು ರಾಷ್ಟ್ರಪತಿ ಭವನದ ಇಫ್ತಾರ್ ಕೂಟವನ್ನು ಕೈಬಿಟ್ಟು, ಅದರ ಹಣವನ್ನು ಅನಾಥಾಲಯಗಳಿಗೆ ತಿರುಗಿಸಿದರು. ಉಂಡವರಿಗೇ ಉಣಿಸುವುದು ಏಕೆ ಎಂಬ ಅವರ ವಿವೇಕ ನಮ್ಮ ಮೊಹಲ್ಲಾಗಳಿಗೆ ಬರುವುದು ಯಾವಾಗ?

ಈದ್ ಸಂತೋಷದ ದಿನವಲ್ಲವೇ ಎಂದು ಕೆಲವರು ಆಕ್ಷೇಪಿಸುತ್ತಾರೆ. ನಿಜ. ಅಂದು ಇರುವುದರಲ್ಲಿ ಉತ್ತಮವಾದುದನ್ನು ಉಡುವುದು ಸುನ್ನತ್. ಮಕ್ಕಳ ನಗುವನ್ನು ಕಸಿಯಬೇಕೆಂದು ನಾವು ಹೇಳುತ್ತಿಲ್ಲ. ಫಿತ್ರ್ ಝಕಾತ್ ಮತ್ತು ಕುರ್ಬಾನಿ ಇಬಾದತ್‌ಗಳು. ಅವುಗಳನ್ನು ಬೇರೆಡೆಗೆ ತಿರುಗಿಸುವ ಅಧಿಕಾರ ಯಾವ ಕಮಿಟಿಗೂ ಇಲ್ಲ. ನಮ್ಮ ತಕರಾರು ಇರುವುದು ಮೂರನೆಯ, ನಾಲ್ಕನೆಯ ಜೊತೆ ಬಟ್ಟೆಯ ಬಗ್ಗೆ, ದೀಪಾಲಂಕಾರದ ಪೈಪೋಟಿಯ ಬಗ್ಗೆ, ಫ್ಲೆಕ್ಸ್‌ಗಳ ಬಗ್ಗೆ. ಜಿಪುಣತನಕ್ಕೂ ದುಂದುವೆಚ್ಚಕ್ಕೂ ನಡುವಿನ ದಾರಿಯನ್ನು ಪವಿತ್ರ ಕುರ್‌ಆನ್ (25:67) ತೋರಿಸಿಕೊಟ್ಟಿದೆ. ನಾವು ಹೊಸದೇನನ್ನೂ ಹೇಳುತ್ತಿಲ್ಲ.

ಇದನ್ನು ವ್ಯಕ್ತಿಗಳಿಗೇ ಬಿಟ್ಟರಾಗದೇ? ಆಗದು. ಒಬ್ಬ ಕೂಲಿಕಾರ ತಂದೆ ಒಬ್ಬನೇ ಆಡಂಬರವನ್ನು ಬಿಟ್ಟರೆ ಅದನ್ನು ಬಡತನವೆನ್ನುತ್ತಾರೆ. ಆ ಅವಮಾನಕ್ಕೆ ಅಂಜಿಯೇ ಅವನು ಬಡ್ಡಿಗೆ ಸಾಲ ಮಾಡಿ ಹಬ್ಬ ಮಾಡುತ್ತಾನೆ. ಹರಾಮಿನ ಬಡ್ಡಿಯಲ್ಲಿ ಹಲಾಲಿನ ಹಬ್ಬ! ಇಡೀ ಜಮಾಅತ್ ಸರಳತೆಯನ್ನು ನಿರ್ಧರಿಸಿದರೆ ಅದು ಎಲ್ಲರ ಗೌರವವಾಗುತ್ತದೆ. ಮೊದಲು ತ್ಯಜಿಸಬೇಕಾದವರು ಶ್ರೀಮಂತರು, ಬಡವರಲ್ಲ.

ಉಳಿದ ಹಣ ಎಲ್ಲಿಗೆ ಹೋಗಬೇಕು? 6ರಿಂದ 14 ವರ್ಷದ ಮುಸ್ಲಿಮ್ ಮಕ್ಕಳಲ್ಲಿ ಶೇ. 25ರಷ್ಟು ಮಂದಿ ಶಾಲೆಯ ಮೆಟ್ಟಿಲು ಹತ್ತಿಲ್ಲ ಅಥವಾ ಅರ್ಧದಲ್ಲೇ ಬಿಟ್ಟಿದ್ದಾರೆ ಎಂದು 2006ರಲ್ಲಿ ಸಾಚಾರ್ ಸಮಿತಿ ಹೇಳಿತು. 2022ರಲ್ಲಿ ಕೇಂದ್ರ ಸರಕಾರವು 1ರಿಂದ 8ನೇ ತರಗತಿವರೆಗಿನ ಅಲ್ಪಸಂಖ್ಯಾತ ಮಕ್ಕಳ ವಿದ್ಯಾರ್ಥಿವೇತನವನ್ನೇ ನಿಲ್ಲಿಸಿತು. ಇದು ಅನ್ಯಾಯ, ಪ್ರತಿಭಟಿಸಲೇಬೇಕು. ಆದರೆ 1ರಿಂದ 5ನೇ ತರಗತಿಯ ಮಗುವಿಗೆ ಆ ಯೋಜನೆಯಲ್ಲಿ ಸಿಗುತ್ತಿದ್ದುದು ತಿಂಗಳಿಗೆ 100 ರೂಪಾಯಿಯಂತೆ ವರ್ಷಕ್ಕೆ ಹೆಚ್ಚೆಂದರೆ 1,000 ರೂಪಾಯಿ. ಅದು ನಮ್ಮ ಒಂದು ಜೊತೆ ಹಬ್ಬದ ಬಟ್ಟೆಯ ಬೆಲೆಯೂ ಅಲ್ಲ! ಸರಕಾರದ ಮುಂದೆ ಘೋಷಣೆ ಕೂಗುವ ನಾವು, ಈ ಮೊತ್ತವನ್ನು ನಮ್ಮ ಮೊಹಲ್ಲಾದಲ್ಲೇ ಹೊಂದಿಸಲಾರೆವೇ?

ಇದರ ಆರಂಭ ಮಸೀದಿ ಕಮಿಟಿಯಿಂದಲೇ ಆಗಲಿ. ಮಿನಾರದ ದೀಪಮಾಲೆಯ ಖರ್ಚನ್ನು ಮೊದಲು ಅದು ಕಡಿತಗೊಳಿಸಲಿ. ಶಅಬಾನಿನಲ್ಲೇ ಖತೀಬರು ಮಿಂಬರಿನಿಂದ ಕರೆಕೊಡಲಿ. ಆ ನಿರ್ಧಾರದಲ್ಲಿ ಮನೆಯ ಖರ್ಚು ನಿಭಾಯಿಸುವ ಮಹಿಳೆಯರೂ ಪಾಲುಗೊಳ್ಳಲಿ. ಸಂಗ್ರಹವಾದ ಹಣ, ಕಟ್ಟಿದ ಶಾಲಾ ಶುಲ್ಕ, ಉಳಿದ ಬಾಕಿಯ ಲೆಕ್ಕ ಶವ್ವಾಲ್ ಮುಗಿಯುವ ಮುನ್ನ ನೋಟಿಸ್ ಬೋರ್ಡಿಗೆ ಬರಲಿ. ನೆರವು ಪಡೆದವರ ಹೆಸರು ಮಾತ್ರ ಅಲ್ಲಿ ಬೇಡ. ಲೆಕ್ಕ ಕೊಡದ ಕಮಿಟಿಗೆ ತ್ಯಾಗ ಕೇಳುವ ಹಕ್ಕಿಲ್ಲ.

ನಿರ್ಬಂಧವಿದ್ದಾಗ ಮಾಡಿದ್ದನ್ನು ಸ್ವಇಚ್ಛೆಯಿಂದ ಮಾಡಲಾರೆವಾದರೆ, 2020ರಲ್ಲಿ ನಾವು ತೋರಿದ್ದು ಔದಾರ್ಯವೋ, ಕೇವಲ ಅಸಹಾಯಕತೆಯೋ? ಮುಂದಿನ ಈದ್ ಉತ್ತರ ಹೇಳಲಿ.