ಪಾಚಿಯೂ ಆಹಾರವೇ

ಪಾಚಿಯೆಂದೊಡನೆ ನಾವು ಮೂಗು ಮುರಿಯುತ್ತೇವೆ. ಆಫ್ರಿಕದ ಚಾಡ್ ಸರೋವರದ ಸುತ್ತಣ ಜನರಾದರೋ ಸ್ಪಿರುಲಿನ ಎಂಬ ನೀಲಿಹಸಿರು ಪಾಚಿಯನ್ನು ಒಣಗಿಸಿ, ಸಾರಿನಲ್ಲಿ ಕದಡಿ ಉಣ್ಣುತ್ತ ಬಂದಿದ್ದಾರೆ. ಒಣಗಿದ ಈ ಪಾಚಿಯ ತೂಕದಲ್ಲಿ ಅರ್ಧಕ್ಕಿಂತ ಹೆಚ್ಚಿನದು ಪ್ರೋಟೀನು. ಕಬ್ಬಿಣದ ಅಂಶವೂ ಉಂಟು. ಮೈಸೂರಿನ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯವು ಇದನ್ನು ಬೆರೆಸಿ ಚಿಕ್ಕಿಯನ್ನು ರೂಪಿಸಿದೆ.

ಗದಗ, ಲಕ್ಷ್ಮೇಶ್ವರ, ಮುಂಡರಗಿಗಳ ಬಡಮಕ್ಕಳ ಕೈಗೂ ಅಂಥ ಚಿಕ್ಕಿ ಬರಲಿ ಎಂಬುದು ನನ್ನ ಬಯಕೆ. ಒಂದು ಲೆಕ್ಕವನ್ನು ಮಾತ್ರ ಮರೆಯಬಾರದು: 5 ಗ್ರಾಂ ಪುಡಿಯಿಂದ ದೊರೆಯುವ ಪ್ರೋಟೀನು ಸುಮಾರು 3 ಗ್ರಾಂ, ಒಂದು ಹಿಡಿ, ಎಂದರೆ 30 ಗ್ರಾಂ ಹೆಸರುಕಾಳಿನಿಂದ ಸುಮಾರು 7 ಗ್ರಾಂ. ಜೋಳದ ರೊಟ್ಟಿ, ಕಾಳಿನ ಪಲ್ಯ, ಶೇಂಗಾ ಚಟ್ನಿಗಳನ್ನು ಬಿಟ್ಟು ದುಬಾರಿಯಾದ ಗುಳಿಗೆಯನ್ನು ನೆಚ್ಚುವುದು ಜಾಣತನವಲ್ಲ. ಊರ ಕೆರೆಯ ಪಾಚಿಯನ್ನಂತೂ ತಿನ್ನಲೇಬಾರದು. ಅದರಲ್ಲಿ ವಿಷಕಾರಿ ಜಾತಿಗಳೂ ಇರಬಹುದು.